ರಾಯಭಾರ ಕಚೇರಿಯನ್ನು ಟ್ಯಾಗ್ ಮಾಡಿದ ಮೇಲೆ ಏನಾಗುತ್ತದೆ?

ಪ್ರಶ್ನೆ: ನನ್ನ ತಮ್ಮ ಕುವೈತ್‌ನಲ್ಲಿ ಮನೆ ಡ್ರೈವರ್. ನಾಲ್ಕು ತಿಂಗಳಿಂದ ಸಂಬಳ ಸಿಕ್ಕಿಲ್ಲ, ಪಾಸ್‌ಪೋರ್ಟನ್ನು ಕಫೀಲ್ (ವೀಸಾ ಕೊಟ್ಟು ಕೆಲಸಕ್ಕೆ ಕರೆಸಿಕೊಂಡ ಮಾಲೀಕ) ಇಟ್ಟುಕೊಂಡಿದ್ದಾನೆ. ಊರಲ್ಲಿ ಎಲ್ಲರೂ ‘ಎಕ್ಸ್‌ನಲ್ಲಿ ವಿದೇಶಾಂಗ ಸಚಿವರನ್ನು ಟ್ಯಾಗ್ ಮಾಡಿ, ಒಂದೇ ದಿನದಲ್ಲಿ ಕೆಲಸ ಆಗುತ್ತೆ’ ಅಂತಾರೆ. ಎರಡು ಸಲ ಹಾಕಿದೆ, ಉತ್ತರವಿಲ್ಲ. ಯಾವುದೋ ‘ಸಹಾಯವಾಣಿ’ ಖಾತೆಯಿಂದ ಮಾತ್ರ ಮೆಸೇಜ್ ಬಂತು, ತಮ್ಮನ ಪಾಸ್‌ಪೋರ್ಟ್ ನಂಬರ್ ಕೇಳಿದರು. ರಾಯಭಾರ ಕಚೇರಿಯವರು ಇದನ್ನೆಲ್ಲ ನಿಜಕ್ಕೂ ಓದುತ್ತಾರಾ? ಅವರ ಪುಟದಲ್ಲಿ ನೋಡಿದರೆ ಯೋಗ, ಕಾಫಿ, ಹಬ್ಬದ ಫೋಟೋಗಳೇ ತುಂಬಿವೆ. ಆ ಪುಟ ಇರುವುದು ಯಾರಿಗಾಗಿ?
(ಸಿದ್ದಾಪುರ, ಕೊಡಗಿನಿಂದ ಓದುಗರೊಬ್ಬರು)

ಉತ್ತರ: ಮೊದಲು ಆ ‘ಸಹಾಯವಾಣಿ’ಯ ವಿಚಾರ, ಏಕೆಂದರೆ ಇವತ್ತೇ ಮಾಡಬೇಕಾದ ಕೆಲಸ ಅದು. ಆ ಮೆಸೇಜಿಗೆ ಉತ್ತರ ಕೊಡಬೇಡಿ, ಖಾತೆಯನ್ನು ಬ್ಲಾಕ್ ಮಾಡಿ. ಅಷ್ಟರಲ್ಲೇ ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ. ಬೇಗ ಹೇಳಿದಷ್ಟೂ ಹಣ ಹೋದ ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ದೂರು ಸ್ವೀಕರಿಸುವುದಕ್ಕೆ ಭಾರತದ ಯಾವ ರಾಯಭಾರ ಕಚೇರಿಯೂ ಫೋನ್‌ಪೇ ಮಾಡಿ ಅನ್ನುವುದಿಲ್ಲ, ಒಟಿಪಿ ಕೇಳುವುದಿಲ್ಲ.

ಇಂಥ ಮೋಸಗಾರರಿಗೆ ನಿಮ್ಮ ಪೋಸ್ಟ್ ಸಿಗುವುದು ಕಷ್ಟವೇನಲ್ಲ. ‘ಎಂಬಸಿ’, ‘ಹೆಲ್ಪ್’, ‘ಸ್ಯಾಲರಿ’ ಎಂಬ ಪದಗಳನ್ನು ಹುಡುಕುತ್ತಾ ಕೂತರೆ ಕಷ್ಟದಲ್ಲಿರುವವರ ಪಟ್ಟಿಯೇ ಸಿಗುತ್ತದೆ. ಅಶೋಕ ಸ್ತಂಭದ ಚಿತ್ರ ಹಾಕಿಕೊಂಡು, ನಿಜವಾದ ಖಾತೆಯ ಹೆಸರಿಗೆ ಒಂದಕ್ಷರ ಸೇರಿಸಿಕೊಂಡು ‘ವಿವರ ಡಿಎಂ ಮಾಡಿ’ (ಖಾಸಗಿ ಸಂದೇಶದಲ್ಲಿ ಕಳಿಸಿ) ಎಂದು ಬರೆಯುತ್ತಾರೆ. ನಿಜವಾದ ಕಚೇರಿಯೂ ಇದೇ ಮಾತನ್ನು ಬರೆಯುವುದರಿಂದ ಜನ ನಂಬುತ್ತಾರೆ. ನೀಲಿ ಟಿಕ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. 2022ರ ನವೆಂಬರ್‌ನಿಂದ ಅದು ದುಡ್ಡು ಕೊಟ್ಟ ಯಾರಿಗೂ ಸಿಗುತ್ತದೆ. ಸರ್ಕಾರಿ ಖಾತೆಗಳಿಗೆ ಇರುವುದು ಬೂದು ಬಣ್ಣದ ಟಿಕ್. ಟಿಕ್ ನೋಡುವುದಕ್ಕಿಂತ ಭದ್ರವಾದ ದಾರಿ ಇನ್ನೊಂದಿದೆ: ವಿದೇಶಾಂಗ ಸಚಿವಾಲಯದ ಜಾಲತಾಣಕ್ಕೆ ಹೋಗಿ, ಅಲ್ಲಿರುವ ವಿದೇಶಗಳ ಭಾರತೀಯ ಕಚೇರಿಗಳ ಪಟ್ಟಿಯಲ್ಲಿ ಕುವೈತ್ ತೆರೆಯಿರಿ. ಕಚೇರಿಯ ಜಾಲತಾಣದ ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇರುತ್ತದೆ. ಅಲ್ಲಿಂದಲೇ ಎಕ್ಸ್, ಫೇಸ್‌ಬುಕ್ ಕೊಂಡಿಗಳನ್ನು ಒತ್ತಿ. ಅಂದರೆ ಜಾಲತಾಣದಿಂದ ಖಾತೆಗೆ ಹೋಗಬೇಕೇ ಹೊರತು ಖಾತೆಯಲ್ಲಿ ಕೊಟ್ಟ ಕೊಂಡಿಯಿಂದ ಜಾಲತಾಣಕ್ಕಲ್ಲ. ಈ ಕ್ರಮ ತಿರುಗಾದರೆ ನಕಲಿ ಜಾಲತಾಣಕ್ಕೇ ಹೋಗಿ ನಿಲ್ಲುತ್ತೀರಿ.

ಈಗ ನಿಮ್ಮ ಮೊದಲ ಪ್ರಶ್ನೆ. ಓದುತ್ತಾರೆ. ಆದರೆ ಓದುವುದು ರಾಯಭಾರಿಯಲ್ಲ, ಕೆಲಸ ಮುಗಿಸುವುದು ಪೋಸ್ಟ್ ಅಲ್ಲ. ಈ ಎರಡು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ವಿದೇಶಾಂಗ ಸಚಿವಾಲಯದಲ್ಲಿ ಪ್ರಚಾರ ಮತ್ತು ಸಾರ್ವಜನಿಕ ರಾಜತಾಂತ್ರಿಕತೆಗೆಂದೇ ಒಂದು ವಿಭಾಗವಿದೆ. ವಕ್ತಾರರು ಕೂರುವುದು ಅಲ್ಲೇ. ಟ್ವಿಟರ್‌ಗೆ (ಇಂದಿನ ಎಕ್ಸ್) ಸಚಿವಾಲಯ ಕಾಲಿಟ್ಟದ್ದು 2010ರಲ್ಲಿ. ಮರುವರ್ಷವೇ ಲಿಬಿಯಾದಿಂದ ಭಾರತೀಯರನ್ನು ಕರೆತರುವಾಗ ಅದು ನಿಜವಾಗಿ ಉಪಯೋಗಕ್ಕೆ ಬಂತು. ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂಬುದು ದಿಲ್ಲಿಗೆ ಕಡತಕ್ಕಿಂತ ಮೊದಲು ಟ್ವಿಟರ್‌ನಲ್ಲಿ ತಿಳಿಯತೊಡಗಿತು. 2014ರಿಂದ 2019ರವರೆಗೆ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರ ಕಾಲದಲ್ಲಿ ಇದು ಮನೆಮಾತಾಯಿತು. ಮಂಗಳ ಗ್ರಹದಲ್ಲಿ ಸಿಕ್ಕಿಹಾಕಿಕೊಂಡರೂ ಅಲ್ಲಿನ ಭಾರತೀಯ ರಾಯಭಾರ ಕಚೇರಿ ನೆರವಾಗುತ್ತದೆ ಎಂದು 2017ರಲ್ಲಿ ಅವರು ಬರೆದ ಮಾತು ಇನ್ನೂ ಜನರ ನೆನಪಿನಲ್ಲಿದೆ. ‘ಒಂದೇ ದಿನದಲ್ಲಿ ಆಗುತ್ತೆ’ ಎಂಬ ನಿಮ್ಮ ಊರವರ ನಂಬಿಕೆಯ ಮೂಲವೂ ಆ ದಿನಗಳೇ ಇರಬೇಕು. ಆದರೆ ಆ ಉತ್ತರಗಳ ಹಿಂದೆ ಒಂದು ಏರ್ಪಾಡಿತ್ತು. ದೂರುಗಳನ್ನು ದಾಖಲಿಸಲು ‘ಮದದ್’ ಎಂಬ ಪೋರ್ಟಲ್ 2015ರ ಫೆಬ್ರವರಿಯಲ್ಲೇ ಬಂದಿತ್ತು. 2016ರ ಡಿಸೆಂಬರ್‌ನಲ್ಲಿ ‘ಟ್ವಿಟರ್ ಸೇವಾ’ ಎಂಬ ವ್ಯವಸ್ಥೆ ಸೇರಿತು. ಬಂದ ಟ್ವೀಟನ್ನು ಒಂದು ಟಿಕೆಟ್ (ಸಂಖ್ಯೆಯಿರುವ ದೂರು) ಆಗಿ ಬದಲಿಸಿ, ಸಂಬಂಧಪಟ್ಟ ರಾಯಭಾರ ಕಚೇರಿಗೋ ಪಾಸ್‌ಪೋರ್ಟ್ ಕಚೇರಿಗೋ ವರ್ಗಾಯಿಸಿ, ಏನಾಯಿತೆಂದು ಹಿಂಬಾಲಿಸುವುದು ಅದರ ಕೆಲಸವಾಗಿತ್ತು.

ಹಾಗಾಗಿ ನಿಮ್ಮ ಪೋಸ್ಟ್ ಮೊದಲು ಸಿಗುವುದು ಖಾತೆ ನೋಡಿಕೊಳ್ಳುವ ಸಿಬ್ಬಂದಿಯ ಕೈಗೆ. ಅವರು ನೋಡುವುದು ಮೂರೇ ವಿಷಯ: ಯಾವ ದೇಶದ ಯಾವ ಊರು, ಏನು ಕಷ್ಟ, ಆ ವ್ಯಕ್ತಿಯನ್ನು ಹಿಡಿಯುವ ದಾರಿ ಯಾವುದು. ಮೂರೂ ಇದ್ದರೆ ಅದು ರಾಯಭಾರ ಕಚೇರಿಯ ಕಾನ್ಸುಲರ್ (ನಮ್ಮ ನಾಗರಿಕರ ಪಾಸ್‌ಪೋರ್ಟ್, ನೆರವಿನ ಕೆಲಸ ನೋಡುವ) ಅಥವಾ ಕಾರ್ಮಿಕ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಕಡತ ತೆರೆಯಬೇಕಾದರೆ ಲಿಖಿತ ದೂರು ಬೇಕೇಬೇಕು. ಕಫೀಲ್‌ನನ್ನು ಕರೆಸಲು, ಕುವೈತ್‌ನ ಕಾರ್ಮಿಕ ಪ್ರಾಧಿಕಾರಕ್ಕೆ ಪತ್ರ ಬರೆಯಲು, ಪಾಸ್‌ಪೋರ್ಟ್ ಸಿಗದಿದ್ದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡಲು (ಪಾಸ್‌ಪೋರ್ಟ್ ಇಲ್ಲದೆ ಊರಿಗೆ ಮರಳಲು ಕೊಡುವ ಕಾಗದ, ಕೊಲ್ಲಿಯಲ್ಲಿ ಎಲ್ಲರೂ ಔಟ್‌ಪಾಸ್ ಎನ್ನುವುದು ಇದನ್ನೇ) ಅಧಿಕಾರಿಯ ಮೇಜಿನ ಮೇಲೆ ಇರಬೇಕಾದದ್ದು ಆ ಕಾಗದ. ‘ನನ್ನ ತಮ್ಮನನ್ನು ಕಾಪಾಡಿ’ ಎಂದಷ್ಟೇ ಬರೆದ ಪೋಸ್ಟನ್ನು ಎಷ್ಟೇ ಒಳ್ಳೆಯ ಅಧಿಕಾರಿಯೂ ಮುಂದೆ ದೂಡಲಾರರು. ಕುವೈತ್‌ನಲ್ಲಿ ಸುಮಾರು 10 ಲಕ್ಷ ಭಾರತೀಯರಿದ್ದಾರೆ, ಅವರೆಲ್ಲರಿಗೂ ಇರುವುದು ಒಂದೇ ರಾಯಭಾರ ಕಚೇರಿ.

ಆದ್ದರಿಂದ ಮೊದಲು ಮದದ್, ಆಮೇಲೆ ಎಕ್ಸ್. ಮದದ್‌ನಲ್ಲಿ ನಿಮ್ಮ ಹೆಸರಿನಲ್ಲೇ ನೋಂದಣಿ ಮಾಡಿಕೊಂಡು ತಮ್ಮನ ಪರವಾಗಿ ದೂರು ಕೊಡಬಹುದು. ಬೇಕಾಗುವುದು: ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟದ ಪ್ರತಿ, ಸಿವಿಲ್ ಐಡಿಯ (ಕುವೈತ್ ಸರ್ಕಾರ ಕೊಡುವ ಗುರುತಿನ ಚೀಟಿ) ಪ್ರತಿ ಅಥವಾ ಫೋಟೋ, ಕೆಲಸದ ಕರಾರು ಇದ್ದರೆ ಅದು, ಕಫೀಲ್‌ನ ಹೆಸರು ಮತ್ತು ಫೋನ್ ಸಂಖ್ಯೆ, ತಮ್ಮನ ಕುವೈತ್ ಸಂಖ್ಯೆ, ಅವನು ಈಗ ಇರುವ ಪ್ರದೇಶ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಷ್ಟು ದಿನಾರ್ ಬಾಕಿ ಎಂಬ ಲೆಕ್ಕ. ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿ ಇಲ್ಲದಿದ್ದರೆ ಹಳೆಯ ವೀಸಾ ಪ್ರತಿ, ವಿಮಾನದ ಟಿಕೆಟ್ ಹುಡುಕಿ. ಸಂಖ್ಯೆ ಅವುಗಳಲ್ಲಿ ಸಿಗಬಹುದು. ಸಿವಿಲ್ ಐಡಿಯಲ್ಲಿ ವೀಸಾದ ಬಗೆ ಗಮನಿಸಿ. ಮನೆ ಡ್ರೈವರ್ ಅಂದಮೇಲೆ ಅದು ಬಹುಶಃ 20. ಕಂಪನಿ ಕೆಲಸದವರದು 18. ಈ ಎರಡರ ದೂರುಗಳು ಕುವೈತ್‌ನಲ್ಲಿ ಬೇರೆ ಬೇರೆ ವಿಭಾಗಕ್ಕೆ ಹೋಗುತ್ತವೆ, ಆದ್ದರಿಂದ ಆ ಅಂಕಿ ತಪ್ಪಿದರೆ ವಾರಗಟ್ಟಲೆ ಸಮಯ ಹಾಳು. ಮನೆಗೆಲಸದವರ ಬಗ್ಗೆ ಕುವೈತ್ 2015ರಲ್ಲಿ ಮಾಡಿದ 68ನೇ ಕಾನೂನು ಮಾಲೀಕರು ಕೆಲಸಗಾರರ ಪಾಸ್‌ಪೋರ್ಟನ್ನು ಅವರ ಒಪ್ಪಿಗೆಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ. ದೂರಿನಲ್ಲಿ ಆ ಮಾತನ್ನೂ ಒಂದು ಸಾಲು ಬರೆಯಿರಿ.

ಇನ್ನೊಂದು ವಿಷಯವನ್ನು ತಮ್ಮನ ಜೊತೆ ಮಾತಾಡಿ ತೀರ್ಮಾನಿಸಿಕೊಳ್ಳಬೇಕು: ಅವನಿಗೆ ಬೇಕಾದದ್ದು ಏನು? ಬಾಕಿ ಸಂಬಳವೇ, ಊರಿಗೆ ಬರುವುದೇ, ಬೇರೆ ಕಡೆ ಕೆಲಸವೇ? ಮೂರಕ್ಕೂ ದಾರಿ ಬೇರೆ. ಹೆಚ್ಚಿನ ಪೋಸ್ಟುಗಳಲ್ಲಿ ಈ ಮಾತೇ ಇರುವುದಿಲ್ಲ. ಕಚೇರಿಯವರು ಊರಿಗೆ ಕಳಿಸುವ ಏರ್ಪಾಡು ಮಾಡಿದ ಮೇಲೆ ‘ಸಂಬಳ ಬಿಟ್ಟು ಹೇಗೆ ಬರಲಿ’ ಎಂದು ಕೆಲಸಗಾರ ಹಿಂಜರಿಯುತ್ತಾನೆ, ಕಡತ ಅಲ್ಲಿಗೆ ನಿಲ್ಲುತ್ತದೆ. ಒಮ್ಮೆ ದೇಶ ಬಿಟ್ಟರೆ ಬಾಕಿ ವಸೂಲು ಬಹಳ ಕಷ್ಟ. ಹೊರಡುವ ಮೊದಲು ಸಂಬಳದ ದೂರು ಅಲ್ಲಿ ದಾಖಲಾಗಿರಬೇಕು, ಮುಂದುವರಿಸಲು ಯಾರಿಗಾದರೂ ಅಧಿಕಾರ ಪತ್ರ ಕೊಟ್ಟಿರಬೇಕು. ಮತ್ತೆ, ಕಚೇರಿಯ ಸಲಹೆ ಕೇಳದೆ ಅವನು ಕಫೀಲ್ ಮನೆ ಬಿಟ್ಟು ಹೊರಡಬಾರದು. ಹೊರಟ ಕೂಡಲೇ ‘ಓಡಿಹೋದ’ ಎಂದು ಕೇಸ್ ಹಾಕಿಬಿಟ್ಟರೆ ಸಂಬಳದ ನ್ಯಾಯ ಹಿಂದಕ್ಕೆ ಬಿದ್ದು, ಆ ಕೇಸ್ ಮುಂದೆ ಬರುತ್ತದೆ. ಹೊಡೆತ, ಜೀವಭಯ ಇದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಆಗ ನೇರ ರಾಯಭಾರ ಕಚೇರಿಗೇ ಹೋಗಬೇಕು, ಗೆಳೆಯರ ರೂಮಿಗಲ್ಲ.

ದೂರು ಸಂಖ್ಯೆ ಬಂದ ಮೇಲೆ ಪೋಸ್ಟ್ ಬರೆಯಿರಿ. ಹೀಗಿದ್ದರೆ ಸಾಕು: “ನನ್ನ ತಮ್ಮ ಕುವೈತ್‌ನ ಜಹ್ರಾದಲ್ಲಿ ಮನೆ ಡ್ರೈವರ್, ವೀಸಾ 20. ನಾಲ್ಕು ತಿಂಗಳಿಂದ ಸಂಬಳವಿಲ್ಲ, ಪಾಸ್‌ಪೋರ್ಟ್ ಮಾಲೀಕರ ಬಳಿ ಇದೆ. ಬಾಕಿ ಪಡೆದು ಊರಿಗೆ ಬರಬೇಕು. ಮದದ್ ದೂರು ಸಂಖ್ಯೆ ಇಂಥದ್ದು, ದಿನಾಂಕ ಇಂಥದ್ದು. ವಿವರ ಇಮೇಲ್ ಮಾಡಿದ್ದೇನೆ.” ಜಹ್ರಾ ಎಂದದ್ದು ಉದಾಹರಣೆಗೆ, ತಮ್ಮ ಇರುವ ಪ್ರದೇಶದ ಹೆಸರು ಹಾಕಿ. ಕನ್ನಡದಲ್ಲಿ ಬರೆದರೂ ತಪ್ಪಿಲ್ಲ, ಆದರೆ ಓದುವ ಸಿಬ್ಬಂದಿಗೆ ಕನ್ನಡ ಬರಬೇಕೆಂದಿಲ್ಲ. ಸರಳ ಇಂಗ್ಲಿಷ್‌ನಲ್ಲಿ ಹಾಕುವುದೇ ಬೇಗ ಮುಟ್ಟುವ ದಾರಿ. ಉಚಿತ ಖಾತೆಗೆ ಇರುವ ಮಿತಿ 280 ಅಕ್ಷರ. ಕನ್ನಡದಲ್ಲಿ ಒತ್ತು, ಗುಣಿತದ ಚಿಹ್ನೆಗಳೂ ಒಂದೊಂದಾಗಿ ಲೆಕ್ಕಕ್ಕೆ ಬರುವುದರಿಂದ ‘ಕು’ ಎರಡು, ‘ಕ್ಷ’ ಮೂರು. ಹಾಗಾಗಿ ಮೂವತ್ತು ಪದಗಳ ಆಸುಪಾಸಿನಲ್ಲೇ ಜಾಗ ಮುಗಿಯುತ್ತದೆ. ಟ್ಯಾಗ್ ಮಾಡುವುದು ಎರಡೇ ಖಾತೆ ಸಾಕು, ಕುವೈತ್‌ನ ಭಾರತೀಯ ರಾಯಭಾರ ಕಚೇರಿ ಮತ್ತು ವಿದೇಶಾಂಗ ಸಚಿವಾಲಯ. ಹದಿನೈದು ಮಂತ್ರಿಗಳು, ನಾಲ್ಕು ಚಾನೆಲ್‌ಗಳು, ಇಬ್ಬರು ನಟರನ್ನು ಸೇರಿಸಿದ ಪೋಸ್ಟ್ ಯಾರ ಜವಾಬ್ದಾರಿಯೂ ಆಗದೆ ಉಳಿಯುತ್ತದೆ.

ಪಾಸ್‌ಪೋರ್ಟ್ ಫೋಟೋ, ಫೋನ್ ಸಂಖ್ಯೆ, ಸಿವಿಲ್ ಐಡಿ ಇವು ಯಾವುವೂ ಎಲ್ಲರಿಗೂ ಕಾಣುವ ಪೋಸ್ಟಿನಲ್ಲಿ ಬೇಡ. ಇಮೇಲ್ ಅಥವಾ ಡಿಎಂನಲ್ಲಿ ಮಾತ್ರ. ಕಫೀಲ್‌ನ ಹೆಸರು, ಫೋಟೋ ಹಾಕಿ ಬೈಯುವುದಂತೂ ಬೇಡವೇ ಬೇಡ. ಕುವೈತ್‌ನಲ್ಲಿ ಸೈಬರ್ ಅಪರಾಧಗಳಿಗೆ 2015ರದೇ ಇನ್ನೊಂದು ಕಾನೂನಿದೆ, 63ನೆಯದು. ಸಿದ್ದಾಪುರದಲ್ಲಿ ಕೂತು ನೀವು ಬರೆದದ್ದನ್ನು ತಮ್ಮ ಅಲ್ಲಿಂದ ಹಂಚಿಕೊಂಡರೆ ಮಾನನಷ್ಟದ ದೂರು ಅವನ ಮೇಲೇ ಬೀಳಬಹುದು.

ಸಮಯವೂ ಮುಖ್ಯ. ಕುವೈತ್‌ನಲ್ಲಿ ಶುಕ್ರವಾರ, ಶನಿವಾರ ರಜೆ. ನಮಗಿಂತ ಎರಡೂವರೆ ಗಂಟೆ ಹಿಂದೆ. ಭಾನುವಾರದಿಂದ ಗುರುವಾರದವರೆಗೆ, ನಮ್ಮ ಬೆಳಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಹಾಕಿದ್ದು ಅಲ್ಲಿ ಕಚೇರಿ ತೆರೆಯುವ ಸಮಯಕ್ಕೆ ಸಿಗುತ್ತದೆ. ನೀವು ಶುಕ್ರವಾರ ರಾತ್ರಿ ಹಾಕಿ ಶನಿವಾರ ಕಾದಿದ್ದರೆ ಉತ್ತರ ಬಾರದಿದ್ದುದರಲ್ಲಿ ಆಶ್ಚರ್ಯವಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಕೈಕೊಡುವುದುಂಟು. ಆದ್ದರಿಂದ ಕಾಗದಪತ್ರಗಳ ಪಿಡಿಎಫ್ ಮೊದಲೇ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ, ಮಡಿಕೇರಿಗೋ ವಿರಾಜಪೇಟೆಗೋ ಹೋದಾಗ ಸೈಬರ್ ಅಂಗಡಿಯಲ್ಲಿ ಮದದ್ ಅರ್ಜಿ ಮುಗಿಸಿಬಿಡಿ. ಒಂದು ವಾರದಲ್ಲಿ ಚಲನೆ ಕಾಣದಿದ್ದರೆ ಅದೇ ದೂರು ಸಂಖ್ಯೆಯಲ್ಲಿ ನೆನಪೋಲೆ ಹಾಕಿ. ಹೊಸ ದೂರು ಹಾಕಬೇಡಿ, ಒಂದೇ ವಿಷಯಕ್ಕೆ ಎರಡು ಸಂಖ್ಯೆಯಾದರೆ ಎರಡೂ ಕಡತ ಒಂದನ್ನೊಂದು ಕಾಯುತ್ತವೆ. ಸಂಸದರ ಕಚೇರಿಯಿಂದ, ಜಿಲ್ಲಾಧಿಕಾರಿ ಕಚೇರಿಯಿಂದ, ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿಯಿಂದ ಪತ್ರ ಹೋಗುವುದಿದ್ದರೆ ಅದರಲ್ಲೂ ಇದೇ ಸಂಖ್ಯೆ ಇರಲಿ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಎಲ್ಲರಿಗೂ ಕಾಣುವಂತೆ ಉತ್ತರ ಬರುವುದಿಲ್ಲ. ಅದನ್ನು ಅಸಡ್ಡೆ ಎಂದುಕೊಳ್ಳುವ ಮೊದಲು ಮದದ್‌ನ ಸ್ಥಿತಿ ನೋಡಿ. ವಯಸ್ಕ ವ್ಯಕ್ತಿಯೊಬ್ಬನ ವಿಷಯವನ್ನು ಬೀದಿಯಲ್ಲಿ ಚರ್ಚಿಸಲು ಕಚೇರಿಗೆ ಹಕ್ಕಿಲ್ಲ. ಕೆಲವು ಸಂದರ್ಭಗಳಲ್ಲಿ ಮೌನವೇ ಅವರ ಕೆಲಸದ ರೀತಿ. 2014ರಲ್ಲಿ ಇರಾಕ್‌ನ ಟಿಕ್ರಿತ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ 46 ನರ್ಸ್‌ಗಳು ಜುಲೈನಲ್ಲಿ ಕೊಚ್ಚಿಗೆ ಬಂದಿಳಿಯುವವರೆಗೆ ಯಾರು ಯಾರ ಜೊತೆ ಮಾತಾಡಿದರೆಂದು ಸರ್ಕಾರ ಬಾಯಿಬಿಡಲಿಲ್ಲ. ಒತ್ತೆಯಾಳುಗಳಿಗೆ ಪ್ರಚಾರ ಸಿಕ್ಕಷ್ಟೂ ಹಿಡಿದವರ ಬೇಡಿಕೆ ಏರುತ್ತದೆ, ಇರುವ ಜಾಗ ಬಯಲಾಗುತ್ತದೆ.

ನಮ್ಮ ನೆರೆಯದೇ ಒಂದು ಉದಾಹರಣೆಯಿದೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿದ್ದರು. ಕೊಡಗಿನಿಂದ ಮೈಸೂರಿಗೆ ಹೋಗುವ ದಾರಿಯ ಹುಣಸೂರಿನ ಕಡೆಯೂ ಈ ಸಮುದಾಯದ ವಸತಿಗಳಿವೆ. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಏಪ್ರಿಲ್ 18ರಂದು, 31 ಮಂದಿ ಅನ್ನ ನೀರಿಲ್ಲದೆ ಸಿಲುಕಿದ್ದಾರೆ, ಸರ್ಕಾರ ಕೂಡಲೇ ಮಾತುಕತೆ ನಡೆಸಿ ಕರೆತರಬೇಕು ಎಂಬರ್ಥದ ಟ್ವೀಟ್‌ಗಳನ್ನು ಹಾಕಿದರು. ವಿದೇಶಾಂಗ ಸಚಿವ ಜೈಶಂಕರ್ ಕಟುವಾಗಿಯೇ ಉತ್ತರಿಸಿದರು: ಜೀವಗಳ ಪ್ರಶ್ನೆ, ರಾಜಕೀಯ ಬೇಡ, ಭದ್ರತೆಯ ಕಾರಣಕ್ಕೆ ಅವರಿರುವ ಜಾಗ, ವಿವರಗಳನ್ನು ಬಹಿರಂಗಪಡಿಸಲಾಗದು. ರಾಜಕೀಯವಾಗಿ ಯಾರ ಮಾತು ಸರಿ ಎಂಬ ಚರ್ಚೆ ಬಹಳ ನಡೆಯಿತು, ಅದನ್ನು ಇಲ್ಲಿ ಎತ್ತುವುದಿಲ್ಲ. ಕಷ್ಟದಲ್ಲಿರುವವರ ಮನೆಯವರು ಗಮನಿಸಬೇಕಾದ್ದು ಬೇರೆ. ಬಹಿರಂಗ ಮಾತು ದಿಲ್ಲಿಯ ಗಮನ ಸೆಳೆಯಿತು, ಆದರೆ ಜಾಗದ ವಿವರ ಬಹಿರಂಗವಾಗಬಾರದು ಎಂಬ ಮಾತೂ ನಿಜ. ಈ ಎರಡೂ ಒಟ್ಟಿಗೆ ಸತ್ಯ. ಅದೇ ತಿಂಗಳ 24ರಂದು ಘೋಷಣೆಯಾದ ಕಾರ್ಯಾಚರಣೆಗೆ ಇಟ್ಟ ಹೆಸರು ‘ಆಪರೇಷನ್ ಕಾವೇರಿ’. ತಲಕಾವೇರಿಯ ನಾಡಿನವರಿಗೆ ಆ ಹೆಸರು ಹತ್ತಿರದ್ದೆನಿಸಿದ್ದರೆ ಸಹಜ. ಪೋರ್ಟ್ ಸುಡಾನ್‌ನಿಂದ ಹಡಗು, ವಿಮಾನಗಳಲ್ಲಿ ಜೆದ್ದಾಕ್ಕೆ ತಂದು ಅಲ್ಲಿಂದ ಊರಿಗೆ ಕಳಿಸಿದರು. ಒಟ್ಟು 3,862 ಜನ ಸುಡಾನ್ ಬಿಟ್ಟು ಬಂದರು, ನಮ್ಮ ಹಕ್ಕಿಪಿಕ್ಕಿಗಳೂ ಬಂದರು. ಆ ದಿನಗಳಲ್ಲಿ ಸಚಿವಾಲಯ ಹಾಕುತ್ತಿದ್ದ ಪೋಸ್ಟುಗಳನ್ನು ನೆನಪಿಸಿಕೊಳ್ಳಿ: ಇಷ್ಟನೇ ತಂಡ ಹೊರಟಿತು, ಇಷ್ಟು ಜನ ಇದ್ದರು. ಇನ್ನೂ ಹೊರಡಬೇಕಾದವರು ಯಾವ ರಸ್ತೆಯಲ್ಲಿದ್ದಾರೆ ಎಂಬುದು ಅಲ್ಲಿ ಇರುವುದಿಲ್ಲ.

ಯುದ್ಧದ ಹೊತ್ತಿನಲ್ಲಿ ಒಂದು ಪೋಸ್ಟ್ ಹೇಗಿರಬೇಕೆಂಬುದಕ್ಕೆ ಖಾರ್ಕೀವ್‌ನ ಎಚ್ಚರಿಕೆ ನೋಡಬೇಕು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಅಲ್ಲಿ ಶೆಲ್ ದಾಳಿಗೆ ಬಲಿಯಾದ. ಮರುದಿನ ಉಕ್ರೇನ್‌ನ ಭಾರತೀಯ ರಾಯಭಾರ ಕಚೇರಿ ಹಾಕಿದ ಪೋಸ್ಟಿನಲ್ಲಿ ಇದ್ದದ್ದು ಇಷ್ಟೇ: ಖಾರ್ಕೀವ್ ತಕ್ಷಣ ಬಿಡಿ, ಪೆಸೋಚಿನ್, ಬಾಬಾಯೆ, ಬೆಜ್ಲ್ಯುದೋವ್ಕಾ ಇವುಗಳಲ್ಲಿ ಒಂದನ್ನು ಉಕ್ರೇನ್ ಸಮಯ ಸಂಜೆ ಆರರೊಳಗೆ ತಲುಪಿ. ವಾಹನ ಸಿಗದವರು ನಡೆದಾದರೂ ಹೋಗಿ ಎಂದು, ದೂರವನ್ನೂ ಸೇರಿಸಿ (11, 12, 16 ಕಿ.ಮೀ.) ಇನ್ನೊಂದು ಬಂತು. ಜಾಗ, ಗಡುವು, ಯಾವ ದೇಶದ ಗಡಿಯಾರ, ಎಷ್ಟು ದೂರ, ಎಲ್ಲವೂ ಇತ್ತು. ಆ ಸಂಜೆ ಆರು ನಮಗೆ ರಾತ್ರಿ ಒಂಬತ್ತೂವರೆ. ‘ಆರು ಗಂಟೆಯೊಳಗೆ’ ಎಂಬುದನ್ನಷ್ಟೇ ಕತ್ತರಿಸಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಊರಲ್ಲಿ ಕೂತ ತಂದೆತಾಯಿ ಗಡುವು ಮುಗಿಯಿತೆಂದು ಹೆದರುತ್ತಾರೆ, ಮಗ ಆಗ ಇನ್ನೂ ದಾರಿಯಲ್ಲಿ ನಡೆಯುತ್ತಿರುತ್ತಾನೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದ ದಿನಗಳನ್ನು ಕಂಡ ಕೊಡಗಿನವರಿಗೆ, ದಿನಾಂಕವಿಲ್ಲದ ಸಂದೇಶ ಏನು ಮಾಡಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ. ರಾಯಭಾರ ಕಚೇರಿಯ ಎಚ್ಚರಿಕೆಯನ್ನು ಸ್ಕ್ರೀನ್‌ಶಾಟ್ ಹೊಡೆದು ಕಳಿಸಬೇಡಿ, ಕೊಂಡಿಯನ್ನೇ ಕಳಿಸಿ. ಕಚೇರಿ ಅದನ್ನು ಬದಲಿಸಿದರೆ ಅಥವಾ ಅಳಿಸಿದರೆ ಕೊಂಡಿ ತೆರೆದವರಿಗೆ ಗೊತ್ತಾಗುತ್ತದೆ, ಸ್ಕ್ರೀನ್‌ಶಾಟ್‌ಗೆ ಗೊತ್ತಾಗುವುದಿಲ್ಲ.

ಇನ್ನು ಯೋಗ, ಕಾಫಿ, ಹಬ್ಬದ ಫೋಟೋಗಳು. ಅವು ನಿಮಗಾಗಿ ಅಲ್ಲ, ಬೇಸರ ಮಾಡಿಕೊಳ್ಳಬೇಡಿ. ಒಂದು ರಾಯಭಾರ ಕಚೇರಿಯ ಪುಟವನ್ನು ಮೂರು ಬಗೆಯ ಜನ ಓದುತ್ತಾರೆ: ಅಲ್ಲಿರುವ ಭಾರತೀಯರು, ಆ ದೇಶದ ಸಾಮಾನ್ಯ ಜನ ಮತ್ತು ವ್ಯಾಪಾರಿಗಳು, ಆ ದೇಶದ ಸರ್ಕಾರ. ಕಾಫಿಯ ಫೋಟೋ ಎರಡನೆಯವರಿಗೆ. ಭಾರತದ ಕಾಫಿಯಲ್ಲಿ ಮೂರನೇ ಎರಡಕ್ಕೂ ಹೆಚ್ಚು ಭಾಗ ಹೊರದೇಶಕ್ಕೆ ಹೋಗುತ್ತದೆ, ದೊಡ್ಡ ಗಿರಾಕಿ ಇಟಲಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ‘ಕೂರ್ಗ್ ಅರೇಬಿಕಾ’ದ ಹೆಸರು ರೋಮ್‌ನ ಕಚೇರಿಯ ಪುಟದಲ್ಲಿ ಬಂದರೆ ನಮ್ಮ ಬೆಳೆಗಾರರಿಗೆ ಅದು ನಷ್ಟವಲ್ಲ. ಅಂದಹಾಗೆ ಕಾಫಿ ತೋಟವಿರುವ ಓದುಗರಿಗೂ ಒಂದು ಮಾತು. ಯುರೋಪಿನ ಅರಣ್ಯನಾಶ ತಡೆ ನಿಯಮದ ಬಗ್ಗೆ (2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ ಎನ್ನುವ, ನಾಲ್ಕು ಹೆಕ್ಟೇರ್ ಮೀರಿದ ತೋಟಕ್ಕೆ ಗಡಿರೇಖೆಯ ನಕ್ಷೆ ಕೇಳುವ ಆ ನಿಯಮ) ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬಿ ಯಾರಿಗೂ ಹಣ ಕೊಡಬೇಡಿ. 2024ರ ಡಿಸೆಂಬರ್ 30ಕ್ಕಿದ್ದ ಜಾರಿ ದಿನವೇ ಮುಂದಕ್ಕೆ ಹೋಗಿದೆ. ಯುರೋಪಿಯನ್ ಒಕ್ಕೂಟದ ಅಧಿಕೃತ ಪುಟ ಮತ್ತು ಕಾಫಿ ಮಂಡಳಿಯ ಪ್ರಕಟಣೆಯಲ್ಲಿ ದಿನಾಂಕ ನೋಡಿಕೊಳ್ಳಿ.

ಮೂರನೇ ಓದುಗ, ಅಂದರೆ ಆ ದೇಶದ ಸರ್ಕಾರ, ಒಂದೊಂದು ಪದವನ್ನೂ ತೂಗುತ್ತದೆ. ‘ಗಮನಿಸಿದ್ದೇವೆ’ ಅಂದರೆ ಬಾಗಿಲು ತೆರೆದಿದೆ. ‘ಕಳವಳ’ ಒಂದು ಮೆಟ್ಟಿಲು ಮೇಲೆ, ‘ತೀವ್ರ ಕಳವಳ’ ಇನ್ನೊಂದು, ‘ಖಂಡಿಸುತ್ತೇವೆ’ ಅದಕ್ಕೂ ಮೇಲೆ. ಈ ಮೆಟ್ಟಿಲು ಎಡವಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾ ಸಾಕ್ಷಿ. 2018ರ ಆಗಸ್ಟ್‌ನಲ್ಲಿ ಸೌದಿಯಲ್ಲಿ ಬಂಧನದಲ್ಲಿದ್ದ ಹೋರಾಟಗಾರರನ್ನು ‘ತಕ್ಷಣ ಬಿಡುಗಡೆ ಮಾಡಿ’ ಎಂದು ಕೆನಡಾದ ವಿದೇಶಾಂಗ ಖಾತೆ ಬರೆಯಿತು. ರಿಯಾದ್‌ನ ಕೆನಡಾ ರಾಯಭಾರ ಕಚೇರಿ ಅದನ್ನೇ ಅರಬ್ಬಿಯಲ್ಲಿ ಹಾಕಿತು. ‘ತಕ್ಷಣ’ ಎಂಬ ಪದವನ್ನು ಸೌದಿ ಅಪ್ಪಣೆಯೆಂದು ತಿಳಿಯಿತು. ಜೊತೆಗೆ ಅರಬ್ಬಿಯಲ್ಲಿ ಬರೆದದ್ದು ಸರ್ಕಾರವನ್ನು ದಾಟಿ ಅದರ ಪ್ರಜೆಗಳ ಜೊತೆ ನೇರ ಮಾತಾಡಿದಂತೆ. ರಾಯಭಾರಿಯನ್ನು ಹೊರಹಾಕಿದರು, ಹೊಸ ವ್ಯಾಪಾರ ನಿಲ್ಲಿಸಿದರು, ಕೆನಡಾದಲ್ಲಿದ್ದ ಸಾವಿರಾರು ಸೌದಿ ವಿದ್ಯಾರ್ಥಿಗಳನ್ನು ವಾಪಸ್ ಕರೆಸಿದರು. ಸಂಬಂಧ ಸರಿಹೋದದ್ದು 2023ರ ಮೇನಲ್ಲಿ, ಸುಮಾರು ಐದು ವರ್ಷದ ನಂತರ. ಖಾಸಗಿ ಭೇಟಿಯಲ್ಲಿ ಅದೇ ಮಾತನ್ನು ಅದಕ್ಕಿಂತ ಗಟ್ಟಿಯಾಗಿ ಹೇಳಿದ್ದರೂ ಇಷ್ಟಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದರ ಹಿಂದೆ ಕಾನೂನೂ ಇದೆ. 1961ರ ವಿಯೆನ್ನಾ ಒಪ್ಪಂದದ 41ನೇ ವಿಧಿ, ರಾಜತಾಂತ್ರಿಕರು ತಾವಿರುವ ದೇಶದ ಆಂತರಿಕ ವಿಷಯದಲ್ಲಿ ತಲೆಹಾಕಬಾರದು, ಅಧಿಕೃತ ವ್ಯವಹಾರವನ್ನು ಅಲ್ಲಿನ ವಿದೇಶಾಂಗ ಸಚಿವಾಲಯದ ಅಥವಾ ಒಪ್ಪಿಕೊಂಡ ಬೇರೆ ಸಚಿವಾಲಯದ ಮೂಲಕ ನಡೆಸಬೇಕು ಎನ್ನುತ್ತದೆ. 2021ರ ಅಕ್ಟೋಬರ್‌ನಲ್ಲಿ ಟರ್ಕಿಯಲ್ಲಿದ್ದ ಹತ್ತು ದೇಶಗಳ ರಾಯಭಾರಿಗಳು ಜೈಲಿನಲ್ಲಿದ್ದ ಅಲ್ಲಿನ ಉದ್ಯಮಿ ಒಸ್ಮಾನ್ ಕವಾಲಾ ಬಿಡುಗಡೆಗೆ ಒತ್ತಾಯಿಸಿ ಜಂಟಿ ಹೇಳಿಕೆ ಹೊರಡಿಸಿದರು. ಹತ್ತೂ ಜನರನ್ನು ಹೊರಹಾಕುವ ಮಾತಾಡಿದರು ಅಧ್ಯಕ್ಷ ಎರ್ಡೊಗನ್. ಕೊನೆಗೆ ಅದನ್ನು ತಣ್ಣಗಾಗಿಸಿದ್ದೂ ಟ್ವೀಟೇ. ‘41ನೇ ವಿಧಿಯನ್ನು ಪಾಲಿಸುತ್ತೇವೆ’ ಎಂದು ಅಮೆರಿಕದ ಕಚೇರಿ ಒಂದು ಸಾಲು ಬರೆಯಿತು, ಉಳಿದವರೂ ಅದನ್ನೇ ಅನುಸರಿಸಿದರು. ಆ ಒಂದು ಸಾಲಿನಲ್ಲಿ ಕ್ಷಮೆ ಇರಲಿಲ್ಲ, ಹಿಂದೆ ಸರಿದದ್ದೂ ಇರಲಿಲ್ಲ. ಎರಡೂ ಕಡೆಯವರು ತಮಗೆ ಬೇಕಾದಂತೆ ಓದಿಕೊಳ್ಳಲು ಜಾಗವಿತ್ತು. ರಾಜತಾಂತ್ರಿಕ ಬರವಣಿಗೆಯ ಜಾಣ್ಮೆ ಅದು.

ಚಿತ್ರಗಳಲ್ಲೂ ಎಡವಟ್ಟಾಗುತ್ತದೆ. 2023ರಲ್ಲಿ ಉಕ್ರೇನ್‌ನ ರಕ್ಷಣಾ ಸಚಿವಾಲಯದ ಖಾತೆ ಕಾಳಿಯನ್ನು ಹೋಲುವ ಚಿತ್ರ ಹಾಕಿ ಅಳಿಸಿತು, ಆ ದೇಶದ ವಿದೇಶಾಂಗ ಉಪಸಚಿವೆ ವಿಷಾದ ಹೇಳಬೇಕಾಯಿತು. ಚೀನಾದಲ್ಲಿ ತೊಂದರೆ ಬೇರೆ ತರಹದ್ದು. 2020ರ ಜೂನ್‌ನಲ್ಲಿ ಗಾಲ್ವಾನ್ ಘರ್ಷಣೆಯ ನಂತರ ಭಾರತದ ಹೇಳಿಕೆಗಳು ಬೀಜಿಂಗ್ ರಾಯಭಾರ ಕಚೇರಿಯ ವೀಚಾಟ್ (ಚೀನಾದ ಸಂದೇಶ ಆ್ಯಪ್) ಪುಟದಿಂದಲೇ ಮಾಯವಾದವು. ಪರರ ಜಗಲಿಯಲ್ಲಿ ಅಂಗಡಿ ಇಟ್ಟವರಿಗೆ ಈ ಅಪಾಯ ಇದ್ದೇ ಇರುತ್ತದೆ. ಅದಕ್ಕೇ ಗಂಭೀರ ಹೇಳಿಕೆ ಎಲ್ಲವೂ ಮೊದಲು ಸಚಿವಾಲಯದ ಜಾಲತಾಣದಲ್ಲಿ ಇರಬೇಕು, ಎಕ್ಸ್‌ನಲ್ಲಿ ಅದರ ಕೊಂಡಿ ಇರಬೇಕು. ನೀವೂ ಎಕ್ಸ್‌ನಲ್ಲಿ ಕಂಡ ದೊಡ್ಡ ಸುದ್ದಿ ಜಾಲತಾಣದಲ್ಲಿ ಇಲ್ಲದಿದ್ದರೆ ಸ್ವಲ್ಪ ಕಾಯಿರಿ.

ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ, ಮುಂದೆ ಹಂಗೆರಿಗೆ ರಾಯಭಾರಿಯಾಗಿ ಹೋದವರು. ಬಡ್ತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ತೋರಿದ ತಾರತಮ್ಯದ ವಿರುದ್ಧ ಸುಪ್ರೀಂ ಕೋರ್ಟಿಗೂ ಹೋದರು, 1979ರ ಆ ತೀರ್ಪು ಇವತ್ತಿಗೂ ಉಲ್ಲೇಖವಾಗುತ್ತದೆ. ಅವರ ಕಾಲದಲ್ಲಿ ರಾಯಭಾರಿಯ ಮಾತು ದಿಲ್ಲಿಗೆ ಹೋಗುತ್ತಿದ್ದುದು ಸಂಕೇತ ಲಿಪಿಯ ತಂತಿಯಲ್ಲಿ, ಮೊಹರು ಹಾಕಿದ ರಾಜತಾಂತ್ರಿಕ ಚೀಲದಲ್ಲಿ. ಆ ಚೀಲವನ್ನು ಯಾರೂ ಬಿಚ್ಚುವಂತಿಲ್ಲ ಎಂದು ವಿಯೆನ್ನಾ ಒಪ್ಪಂದದ 27ನೇ ವಿಧಿ ಇವತ್ತೂ ಹೇಳುತ್ತದೆ. ಪೋಸ್ಟ್‌ಗೆ ಅಂಥ ರಕ್ಷಣೆಯಿಲ್ಲ. ಹಾಕಿದ ಕ್ಷಣ ಅದು ಶತ್ರು, ಮಿತ್ರ, ಕಫೀಲ್, ಮೋಸಗಾರ ಎಲ್ಲರ ಕೈಯಲ್ಲಿ. ರಾಯಭಾರ ಕಚೇರಿ ನಿಮಗೆ ಬಹಿರಂಗವಾಗಿ ಎರಡೇ ಸಾಲು ಬರೆದು ಉಳಿದದ್ದನ್ನು ಡಿಎಂಗೆ ಒಯ್ಯುವುದು ಈ ಕಾರಣಕ್ಕೆ.

ಕೊನೆಯದಾಗಿ ಎರಡು ಕೆಲಸ. ತಮ್ಮನನ್ನು ಕಳಿಸಿದ ಏಜೆಂಟ್ ಯಾರು, ಎಷ್ಟು ಹಣ ಪಡೆದ ಎಂಬುದನ್ನೂ ದೂರಿನಲ್ಲಿ ಬರೆಯಿರಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಅವನ ನೋಂದಣಿ ಇದೆಯೇ ಎಂದು ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಬಹುದು. ಇಲ್ಲದಿದ್ದರೆ ಇಲ್ಲಿನ ಪೊಲೀಸ್ ಠಾಣೆಯಲ್ಲಿ ಬೇರೆಯೇ ದೂರು ಕೊಡಬೇಕು, ಅದಕ್ಕೂ ಕುವೈತ್‌ನ ಕಡತಕ್ಕೂ ಸಂಬಂಧ ಕಲ್ಪಿಸಿ ಕಾಯಬೇಡಿ. ಇನ್ನು ತಮ್ಮ ಊರಿಗೆ ಬಂದು ಕೂತ ದಿನ ಹಳೆಯ ಪೋಸ್ಟುಗಳ ಕೆಳಗೆ ‘ಪರಿಹಾರವಾಗಿದೆ’ ಎಂದು ದಿನಾಂಕ ಸಹಿತ ಬರೆಯಿರಿ, ಇಲ್ಲವೇ ಅಳಿಸಿ. ಇಲ್ಲದಿದ್ದರೆ ಯಾರೋ ಪುಣ್ಯಾತ್ಮರು ಎರಡು ವರ್ಷದ ನಂತರ ಅದನ್ನು ಮತ್ತೆ ಹಂಚುತ್ತಾರೆ, ಆ ಬೆಳಗ್ಗೆ ಕುವೈತ್‌ನ ಸಿಬ್ಬಂದಿ ಬೇರೆ ಯಾರದೋ ತಮ್ಮನ ಕಡತ ಬದಿಗಿಟ್ಟು ನಿಮ್ಮ ತಮ್ಮನನ್ನು ಹುಡುಕಲು ಶುರುಮಾಡುತ್ತಾರೆ.